ವಾಗೀಶರ ಪುಳಿಯೋಗರೆ ಮೆಸೇಜು

ಮೈಸೂರಿನ ಯಾದವಗಿರಿಯ ವಾಗೀಶರು ದೂರವಾಣಿ ಇಲಾಖೆಯಲ್ಲಿ ಕೂದಲು ನರೆಯುವವರೆಗೆ ದುಡಿದು ನಿವೃತ್ತರಾದವರು. ಇದು ನಿಜ. ಆದರೆ ಅವರು ದುಡಿದದ್ದು ಟಪಾಲು ವಿಭಾಗದಲ್ಲಿ. ಬಂದ ಕಾಗದಕ್ಕೆ ಮೊಹರು ಒತ್ತುವುದು, ಹೋಗುವ ಕಾಗದಕ್ಕೆ ಗೋಂದು ಹಚ್ಚುವುದು, ನಡುವೆ ಕಾಫಿ ಕುಡಿಯುವುದು. ಇಡೀ ಸೇವಾವಧಿಯಲ್ಲಿ ಒಂದೇ ಒಂದು ತಂತಿಯನ್ನು ಅವರು ಮುಟ್ಟಿದವರಲ್ಲ. ಇದೂ ನಿಜ. ಬಡಾವಣೆಗೆ ಮೊದಲನೆಯ ನಿಜವಷ್ಟೇ ಗೊತ್ತಿತ್ತು. ಎರಡನೆಯದನ್ನು ಹೇಳಿಬಿಡೋಣವೆಂದು ಹೊರಟಾಗಲೆಲ್ಲ ವಾಗೀಶರಿಗೆ ಕೆಮ್ಮು ಬರುತ್ತಿತ್ತು.

ಅವರಿಗೆ ಬಾಳಿನಲ್ಲಿ ಇದ್ದದ್ದು ಒಂದೇ ಕೊರಗು. ಅವರ ತಾತ ಅರಮನೆಯ ನೌಕರಿಯಲ್ಲಿದ್ದವರು. ಜರಿಪೇಟ ಧರಿಸಿ ಕೂತ ಅವರ ಪಟ ಇಂದಿಗೂ ಹಜಾರದಲ್ಲಿದೆ. ವಾಗೀಶರು ನಿವೃತ್ತರಾದ ದಿನ ಇನ್ನೂ ಹಲವರು ಜೊತೆಗೆ ನಿವೃತ್ತರಾದರು. ಎಲ್ಲರಿಗೂ ಹಾರ, ಶಾಲು, ಮೈಸೂರು ಪೇಟ. ಇವರ ಸರದಿ ಬರುವ ಹೊತ್ತಿಗೆ ಪೇಟ ಮುಗಿದಿತ್ತು. "ಆಮೇಲೆ ತರಿಸಿಕೊಡ್ತೀವಿ ಸಾರ್" ಎಂದಿದ್ದರು. ಆ ಆಮೇಲೆ ಇನ್ನೂ ಬಂದಿಲ್ಲ. ಈಗಲೂ ಯಾರ ತಲೆಗಾದರೂ ಪೇಟ ಏರುವುದನ್ನು ಕಂಡರೆ ವಾಗೀಶರು ತಮಗರಿವಿಲ್ಲದೆ ತಮ್ಮ ಬೋಳುತಲೆ ಸವರಿಕೊಳ್ಳುತ್ತಾರೆ. ಓದುಗರು ಈ ತಲೆಯನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಒಂದು ಬೆಳಿಗ್ಗೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ವಾಯುವಿಹಾರಿಗಳ ಸಭೆ ಸೇರಿತ್ತು. ಅಂದಿನ ವಿಷಯ, ಸಿದ್ದಲಿಂಗಸ್ವಾಮಿಯವರ ಫೋನು ಕಳೆದುಹೋದದ್ದು. ಸಿದ್ದಲಿಂಗಸ್ವಾಮಿಯವರು ಕಾಲೇಜಿನಲ್ಲಿ ಭೂಗೋಳ ಕಲಿಸಿದ ಮೇಷ್ಟ್ರು. ಅಮೆಜಾನ್ ನದಿ ಹುಟ್ಟುವ ಜಾಗವನ್ನು ಕಣ್ಣು ಮುಚ್ಚಿಕೊಂಡು ತೋರಿಸಬಲ್ಲರು. ಹಿಂದಿನ ದಿನ ತಾವು ಎಲ್ಲೆಲ್ಲಿ ಅಲೆದೆವೆಂಬುದು ಮಾತ್ರ ಜ್ಞಾಪಕವಿರಲಿಲ್ಲ.

"ರಿಂಗ್ ಆಗ್ತಾ ಇದೆ, ಯಾರೂ ಎತ್ತುತ್ತಾ ಇಲ್ಲ. ಅಲ್ಲ ವಾಗೀಶರೇ, ಒಂದು ಮೆಸೇಜ್ ಬಿಟ್ರೆ ಫೋನು ಎಲ್ಲಿದೆ ಅಂತ ಗೊತ್ತಾಗಿಬಿಡುತ್ತಂತಲ್ಲ, ಹೌದಾ? ನೀವು ಇಲಾಖೆಯವರು, ನಿಮಗೆ ತಿಳಿದಿರಬೇಕು," ಎಂದರು ಸಿದ್ದಲಿಂಗಸ್ವಾಮಿ.

ಇಡೀ ಬೆಂಚು ವಾಗೀಶರತ್ತ ತಿರುಗಿತು. ಈ ಹೊತ್ತಿಗೆ ಸರಿಯಾಗಿ ಅವರಿಗೆ ಕೆಮ್ಮು ಬರಬೇಕಾಗಿತ್ತು. ದುರದೃಷ್ಟ, ಅಂದು ಗಂಟಲು ತಿಳಿಯಾಗಿತ್ತು.

"ಯಾಕಾಗಲ್ಲ? ಧಾರಾಳವಾಗಿ ಆಗುತ್ತೆ," ಎಂದರು. "ಸ್ವಲ್ಪ ಒಳಗಿನ ವಿಷಯ ಅದು. ಎಲ್ಲರಿಗೂ ಹೇಳೋ ಹಾಗಿಲ್ಲ."

"ಹೇಳಬ್ಯಾಡಿ ಸ್ವಾಮಿ, ಮಾಡಿ ತೋರಿಸಿ ಅತ್ಲಾಗೆ," ಎಂದರು ಕೆಂಪಯ್ಯ. ಕೆಂಪಯ್ಯನವರು ವಾಗೀಶರ ಪಕ್ಕದ ಮನೆಯವರು, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದವರು. ಕಡಕೊಳದ ಕಡೆಯ ಒಕ್ಕಲು ಮನೆತನ, ಗಟ್ಟಿ ದನಿ, ಅದಕ್ಕೆ ತಕ್ಕ ಮೀಸೆ.

ವಾಗೀಶರು ನಂಬರು ಕೇಳಿಕೊಂಡು, ಗಂಭೀರವಾಗಿ ಬೇಲಿಯ ಕಡೆಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ಏನು ಮಾಡಬೇಕೆಂದು ಅವರಿಗೆ ಎಳ್ಳಷ್ಟೂ ತಿಳಿದಿರಲಿಲ್ಲ. ನಂಬರನ್ನು ಒತ್ತಿದರು. ಅದರ ಕೆಳಗೆ ಮನೆಯಲ್ಲೇ ಬರೆದಿಟ್ಟಿದ್ದ ಒಂದು ಮೆಸೇಜು ಕೂತಿತ್ತು. ಅವರ ಹೆಂಡತಿ ಅಲಮೇಲು ಅವರ ಅಕ್ಕ ಮೇಲುಕೋಟೆಯಿಂದ ಪುಳಿಯೋಗರೆ ತಂದಿದ್ದರು. ಅದರಲ್ಲೊಂದು ಪಾಲನ್ನು ಹಾಸ್ಟೆಲಿನಲ್ಲಿದ್ದ ಅಕ್ಕನ ಮಗಳು ಲಹರಿಗೆ ತಲುಪಿಸಬೇಕಾಗಿತ್ತು. ಟಪಾಲು ವಿಭಾಗದ ಅಭ್ಯಾಸದಿಂದ ವಾಗೀಶರು ಮಕ್ಕಳಿಗೆ ಬರೆದರೂ 'ತಾವು' ಎಂದೇ ಬರೆಯುತ್ತಿದ್ದರು. ವಾಗೀಶರ ಹೆಬ್ಬೆರಳು ಜಾರಿ ಎಲ್ಲಿಗೋ ತಾಗಿತು. ಲಹರಿಗೆ ಹೋಗಬೇಕಾದ ಮೆಸೇಜು ಸಿದ್ದಲಿಂಗಸ್ವಾಮಿಯವರ ಕಳೆದುಹೋದ ಫೋನಿಗೆ ಹೊರಟೇಹೋಯಿತು: 'ಮೇಲುಕೋಟೆ ಪುಳಿಯೋಗರೆ ಪ್ರಸಾದ ಬಂದಿದೆ. ತಾವೀಗ ಎಲ್ಲಿದ್ದೀರಿ? ಎಲ್ಲಿಗೆ ತಲುಪಿಸಲಿ? ಇಂತಿ, ವಾಗೀಶ.'

ಮರ್ಯಾದೆ ಮಣ್ಣುಪಾಲಾಯಿತೆಂದುಕೊಂಡು ಅವರು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಫೋನು ಕುಂಯ್ ಎಂದಿತು.

'ದೇವರಾಜ ಮೊಹಲ್ಲಾ. ಬಳೆ ಅಂಗಡಿ ಪಕ್ಕ ಟೈಲರ್ ಸಣ್ಣಮಾದಯ್ಯ. ಸ್ವಲ್ಪ ಜಾಸ್ತಿ ಕಳಿಸಿ, ಅಂಗಡೀಲಿ ನಾಲ್ಕು ಜನ ಇದೀವಿ.'

ವಾಗೀಶರು ಬೆಂಚಿಗೆ ಮರಳಿದಾಗ ನಡಿಗೆಯೇ ಬದಲಾಗಿತ್ತು. "ದೇವರಾಜ ಮೊಹಲ್ಲಾ," ಎಂದರು, ಆಕಾಶದ ಕಡೆ ಒಮ್ಮೆ ನೋಡಿ. "ಬಳೆ ಅಂಗಡಿ ಪಕ್ಕ. ಟೈಲರ್ ಅಂಗಡಿ."

"ಅಯ್ಯೋ ಶಿವನೇ! ಪ್ಯಾಂಟು ಅಳತೆ ಕೊಡೋಕೆ ಹೋಗಿದ್ದೆ!" ಎಂದು ಸಿದ್ದಲಿಂಗಸ್ವಾಮಿ ಎದ್ದೇ ನಿಂತರು.

ಅರ್ಧ ಗಂಟೆಯಲ್ಲಿ ಫೋನು ಕೈಗೆ ಬಂತು. ಹಿಂದೆಯೇ ವಾಗೀಶರೂ ಗುಟ್ಟಾಗಿ ಒಂದು ಡಬ್ಬಿ ಹಿಡಿದು ಸಣ್ಣಮಾದಯ್ಯನ ಅಂಗಡಿಗೆ ಹೋದರು. ಪ್ರಸಾದ ಕೊಡುತ್ತೇನೆಂದು ಬರೆದು ಕೊಡದಿರುವಷ್ಟು ಕೆಟ್ಟವರಲ್ಲ ಅವರು.

"ಅಷ್ಟು ಸಲ ರಿಂಗ್ ಆದಾಗ ಯಾಕಪ್ಪಾ ಎತ್ತಲಿಲ್ಲ?" ಎಂದು ಕೇಳಿದರು.

"ಎತ್ತಿದ್ರೆ ಕದ್ದೋನು ಅಂತೀರಿ," ಎಂದ ಸಣ್ಣಮಾದಯ್ಯ, ಬೆರಳು ನೆಕ್ಕುತ್ತ. "ಪ್ರಸಾದ ಅಂದ್ಮೇಲೆ ಬ್ಯಾಡ ಅನ್ನಕಾಯ್ತದಾ ಸಾ? ಅದೂ ಮೇಲುಕೋಟೇದು."

ಬೋಧಿವೃಕ್ಷದ ಕೆಳಗಲ್ಲ, ಹೊಲಿಗೆ ಯಂತ್ರದ ಪಕ್ಕದಲ್ಲಿ ವಾಗೀಶರಿಗೆ ಜ್ಞಾನೋದಯವಾಯಿತು. ಮನುಷ್ಯನೆಂಬವನು ಫೋನು ಎತ್ತದಿರಬಹುದು, ಬಾಗಿಲು ತೆಗೆಯದಿರಬಹುದು, ಪುಳಿಯೋಗರೆ ಬಂದಿದೆ ಎಂದರೆ ಮಾತ್ರ ತಾನಿರುವ ಜಾಗವನ್ನು ಗುರುತು ಸಮೇತ ಹೇಳಿಯೇ ಹೇಳುತ್ತಾನೆ.

ಒಂದು ವಾರ ಕಳೆಯುವುದರೊಳಗೆ ಯಾದವಗಿರಿಯಲ್ಲಿ ವಾಗೀಶರು ದೊಡ್ಡ ಮನುಷ್ಯರಾದರು. ಇಲಾಖೆಯವರು ನಿವೃತ್ತಿಯ ದಿನ ಅವರ ಕಿವಿಯಲ್ಲಿ ಒಂದು ಗುಪ್ತ ನಂಬರು ಹೇಳಿದ್ದರೆಂದು ಒಬ್ಬರು ಅಂದರು. ಉಪಗ್ರಹಕ್ಕೂ ಅವರಿಗೂ ನೇರ ಸಂಪರ್ಕವಿದೆಯೆಂದು ಇನ್ನೊಬ್ಬರು ಅಂದರು. ಅವರ ತಾರಸಿಯ ಮೇಲಿದ್ದ ಬಟ್ಟೆ ಒಣಗಿಸುವ ತಂತಿಯನ್ನು ಬೀದಿಯವರು ಗೌರವದಿಂದ ನೋಡತೊಡಗಿದರು.

ಮೊದಲು ಬಂದದ್ದು ಪ್ಲಂಬರನ ಕೇಸು. ಎದುರುಮನೆಯ ಬಚ್ಚಲಿನ ನಲ್ಲಿ ಬಿಚ್ಚಿ ಹಾಕಿ 'ಒಂದು ವಾಷರ್ ತತ್ತೀನಿ' ಎಂದು ಹೋದ ಮಹದೇವಪ್ರಸಾದ್ ಮೂರು ದಿನದಿಂದ ಫೋನು ಎತ್ತುತ್ತಿರಲಿಲ್ಲ. ವಾಗೀಶರು ಬೇಲಿಯ ಕಡೆ ತಿರುಗಿ ನಿಂತರು. ಕುಂಯ್ ಎಂದಿತು. 'ಒಂಟಿಕೊಪ್ಪಲು ದೇವಸ್ಥಾನದ ಹಿಂದೆ, ಹೊಸ ಮನೆ, ಮೇಲಿನ ಟ್ಯಾಂಕ್ ಹತ್ರ ಇದೀನಿ ಸಾರ್.' ಎದುರುಮನೆಯವರು ಟ್ಯಾಂಕಿನ ಪಕ್ಕಕ್ಕೇ ಹೋಗಿ ಮಹದೇವಪ್ರಸಾದನ ಹೆಗಲ ಮೇಲೆ ಕೈಯಿಟ್ಟಾಗ ಅವನು ಅತ್ತಿತ್ತ ನೋಡಿ "ಪುಳಿಯೋಗರೆ ಎಲ್ಲಿ?" ಎಂದು ಕೇಳಿದನಂತೆ. ಬಾಗಿಲು ಕಿತ್ತು ಮಾಯವಾದ ಬಡಗಿ, ಅರ್ಧ ಗೋಡೆಗೆ ಬಣ್ಣ ಬಳಿದು ಮಾಯವಾದ ಪೇಂಟರು, ಎಲ್ಲರೂ ಹೀಗೇ ಒಬ್ಬೊಬ್ಬರಾಗಿ ಪತ್ತೆಯಾದರು. ಎಲ್ಲರಿಗೂ ಹಿಂದಿನಿಂದ ಒಂದೊಂದು ಪೊಟ್ಟಣ ತಲುಪಿತು.

ಕೀರ್ತಿ ಏರಿದಂತೆ ಮನೆಯ ಗೊಜ್ಜಿನ ಭರಣಿ ಇಳಿಯಿತು. ಮೇಲುಕೋಟೆಯಿಂದ ಬಂದದ್ದು ಎರಡೇ ದಿನಕ್ಕೆ ಮುಗಿದಿತ್ತು. ಆಮೇಲಿನದೆಲ್ಲ ಅಲಮೇಲು ಅವರ ಕೈಯದು. ಸುಳ್ಳಾಗಬಾರದೆಂದು ವಾಗೀಶರು ಪ್ರತಿ ಪೊಟ್ಟಣವನ್ನೂ ದೇವರಮನೆಯ ಚೆಲುವನಾರಾಯಣನ ಪಟದ ಮುಂದೆ ಕ್ಷಣಕಾಲ ಇಟ್ಟು, 'ಇವನೂ ಮೇಲುಕೋಟೆಯವನೇ ತಾನೆ' ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು.

"ಏನ್ರೀ ಇದು? ದಿನಾ ಒಂದು ಡಬ್ಬಿ ಪುಳಿಯೋಗರೆ ಎಲ್ಲಿಗೆ ಹೋಗ್ತಾ ಇದೆ?" ಎಂದು ಅಲಮೇಲು ಕೇಳಿದರು.

"ಪಾರ್ಕಿನವರು ನಿನ್ನ ಕೈರುಚಿ ಮೆಚ್ಚಿಬಿಟ್ಟಿದ್ದಾರೆ ಕಣೇ."

"ಮದುವೆಯಾದಾಗಿಂದ ನೀವೇ ಮೆಚ್ಚಿದ್ದಿಲ್ಲ, ಪಾರ್ಕಿನವರು ಮೆಚ್ಚಿದರಾ?" ಎಂದು ಅಲಮೇಲು ಭರಣಿಯ ಮುಚ್ಚಳವನ್ನು ಶಬ್ದ ಬರುವಂತೆ ಹಾಕಿದರು. ಆ ಶಬ್ದದ ಅರ್ಥ ವಾಗೀಶರಿಗೆ ಆಗಬೇಕಾಗಿತ್ತು, ಆಗಲಿಲ್ಲ.

ಕೀರ್ತಿ ಠಾಣೆಯವರೆಗೂ ಹೋಯಿತು. ಬಡಾವಣೆಯ ಠಾಣೆಯಿಂದ ಕರೆ ಬಂದಾಗ ವಾಗೀಶರು ಬಿಳಿ ಅಂಗಿ ತೊಟ್ಟು, ಹೊಸದಾಗಿ ನಾಮ ತಿದ್ದಿಕೊಂಡು, ಸನ್ಮಾನವೇ ಇರಬೇಕೆಂದು ಹೊರಟರು. ಸಬ್ ಇನ್ಸ್‌ಪೆಕ್ಟರ್ ಭವ್ಯಶ್ರೀ ಅವರ ಮೇಜಿನ ಮೇಲೆ ಪೇಟವೇನೂ ಕಾಣಲಿಲ್ಲ.

"ಕಂಡೋರ ಫೋನ್ ಎಲ್ಲಿದೆ ಅಂತ ಪತ್ತೆ ಮಾಡ್ತಾ ಇದೀರಂತೆ. ಯಾರು ಕೊಟ್ಟರು ನಿಮಗೆ ಅಧಿಕಾರ?" ಎಂದರು ಆಕೆ. "ಬರೀ ಒಂದು ಮೆಸೇಜ್ ಕಳಿಸಿದ್ರೆ ಫೋನ್ ಎಲ್ಲಿದೆ ಅಂತ ಗೊತ್ತಾಗಲ್ಲ ಕಣ್ರೀ. ನಾವು ಕಂಪನಿಗೆ ಬರೆದು ಕೇಳಿದ್ರೆ ಟವರ್ ಯಾವುದು ಅಂತ ಹೇಳ್ತಾರೆ, ಅದೂ ಅಂದಾಜು. ಇಲ್ಲ ಅಂದ್ರೆ ಫೋನ್ ಇಟ್ಕೊಂಡೋನೇ ತಾನೆಲ್ಲಿದೀನಿ ಅಂತ ಬಾಯಿಬಿಡಬೇಕು. ನೀವೇನು ಕಳಿಸ್ತಾ ಇದೀರಿ? ಲಿಂಕಾ? ಅದು ಅಪರಾಧ, ಗೊತ್ತಾ?"

"ಲಿಂಕಲ್ಲ ತಾಯಿ," ಎಂದ ವಾಗೀಶರ ದನಿ ನೆಲಕ್ಕಿಳಿದಿತ್ತು. "ಪುಳಿಯೋಗರೆ."

ವಿಷಯ ಪೂರಾ ಕೇಳಿದ ಭವ್ಯಶ್ರೀ ನಗು ತಡೆದುಕೊಂಡು, "ಸುಳ್ಳು. ಎಲ್ಲಿ, ನಮ್ಮ ಕಾನ್‌ಸ್ಟೇಬಲ್ ಗಗನನಿಗೆ ಕಳಿಸಿ ನೋಡೋಣ. ಅವನೀಗ ಸರ್ಕಲ್‌ನಲ್ಲಿ ಡ್ಯೂಟಿ ಮೇಲಿದಾನೆ," ಎಂದರು. ವಾಗೀಶರು ಕಳಿಸಿದರು. ಕುಂಯ್ ಎಂದಿತು. 'ತುಂಬಾ ಸಂತೋಷ ಸಾರ್. ನಂಜನಗೂಡಲ್ಲಿ ಮಾವನ ಮನೇಲಿದೀನಿ. ಸಾಯಂಕಾಲದವರೆಗೂ ಇರ್ತೀನಿ.'

ಭವ್ಯಶ್ರೀ ಆ ಉತ್ತರವನ್ನು ಎರಡು ಸಲ ಓದಿದರು. ಆಮೇಲೆ ವಾಗೀಶರಿಗೆ ಕಾಫಿ ತರಿಸಿದರು. "ಈ ಸಲ ಬಿಟ್ಟಿದೀನಿ. ನಿಮ್ಮ ಪಾಡಿಗೆ ಪ್ರಸಾದ ಹಂಚಿ, ಬೇಡ ಅನ್ನಲ್ಲ. ಆದ್ರೆ ನಂಬಿ ಹೇಳಿದೋರ ಜಾಗಾನ ಮೂರನೆಯೋರಿಗೆ ಹೇಳಬೇಡಿ. ಅದು ದ್ರೋಹ," ಎಂದು ಕಳಿಸಿಕೊಟ್ಟರು. ಹೊರಗೆ ಬಂದ ವಾಗೀಶರು ಬೀದಿಯವರಿಗೆ ಕಾಫಿಯ ವಿಷಯ ಮಾತ್ರ ಹೇಳಿದರು. ಕೀರ್ತಿ ಇಮ್ಮಡಿಯಾಯಿತು.

ಅದೇ ಸಂಜೆ ಕೆಂಪಯ್ಯನವರ ಹೆಂಡತಿ ಪ್ರೇಮಲೀಲಾ ಬಂದರು.

"ಅಯ್ನೋರೇ, ನಮ್ಮನೆಯೋರು ದಿನಾ ಸಂಜೆ ಕಡಕೊಳಕ್ಕೆ ಹೋಯ್ತೀನಿ, ತಮ್ಮನ ಫ್ಯಾಕ್ಟರಿ ಲೆಕ್ಕ ನೋಡ್ಬೇಕು ಅಂತ ಹೋಯ್ತಾರೆ. ನಿನ್ನೆ ಆ ತಮ್ಮನೇ ಫೋನ್ ಮಾಡಿ 'ಅಣ್ಣನ್ನ ನೋಡಿ ತಿಂಗಳಾಯ್ತು' ಅಂದ. ಈಗ ಎಲ್ಲವ್ರೆ ಅಂತ ಒಂಚೂರು ನೋಡ್ಬುಡಿ."

ವಾಗೀಶರಿಗೆ ಭವ್ಯಶ್ರೀಯವರ ಮಾತು ನೆನಪಾಯಿತು. ಆದರೆ ಪ್ರೇಮಲೀಲಾ ಅವರ ಹಿಂದೆ ಗೇಟಿನ ಬಳಿ ನಾಲ್ಕು ಮಂದಿ ನಿಂತು ನೋಡುತ್ತಿದ್ದರು. ಬೇಲಿಯ ಕಡೆ ತಿರುಗಿ ಮೆಸೇಜು ಕಳಿಸಿಯೇಬಿಟ್ಟರು. ಉತ್ತರ ಬಂತು.

'ಸ್ವಾಮಿ, ನಿಮಗಾದ್ದರಿಂದ ಹೇಳ್ತಾ ಇದೀನಿ. ದೇವರಾಜ ಮೊಹಲ್ಲಾ, ಟೈಲರ್ ಸಣ್ಣಮಾದಯ್ಯನ ಅಂಗಡಿ ಮಹಡಿ ಮೇಲೆ. ನಾಟಕದ ಪ್ರಾಕ್ಟೀಸು. ಪ್ರೇಮಾಗೆ ತಿಳಿದರೆ ನನ್ನ ಕಥೆ ಮುಗೀತು. ನೀವು ಹೇಳಲ್ಲ ಅಂತ ಗೊತ್ತು. ಪುಳಿಯೋಗರೆ ತಪ್ಪಿಸಬೇಡಿ.'

ಈ ನಾಟಕದ ಹಿಂದೆ ಒಂದು ದುರಂತವಿತ್ತು, ಬೀದಿಗೆಲ್ಲ ಗೊತ್ತಿದ್ದದ್ದು. ಹಿಂದೊಮ್ಮೆ ಕೆಂಪಯ್ಯನವರು ಪ್ರೇಮಲೀಲಾ ಅವರ ತವರೂರಿನಲ್ಲೇ ಪೌರಾಣಿಕ ನಾಟಕದ ದೊರೆಯ ಪಾರ್ಟು ಹಾಕಿದ್ದರು. ಕಿರೀಟ ಇಟ್ಟು, ಗದೆ ಹಿಡಿದು, ಎದೆಯುಬ್ಬಿಸಿ ಕಂದಪದ್ಯ ಶುರುಮಾಡಿದರು. ಎರಡನೇ ಸಾಲು ಮರೆತುಹೋಯಿತು. ಹಾರ್ಮೋನಿಯಂ ಮೇಷ್ಟ್ರು ಅದೇ ಸ್ವರವನ್ನು ಹಿಡಿದು ಒತ್ತಿದರು, ಒತ್ತಿದರು, ಕೈ ಸೋಲುವವರೆಗೆ ಒತ್ತಿದರು. ದೊರೆ ಬಾಯಿ ತೆರೆದುಕೊಂಡು ನಿಂತೇ ಇದ್ದರು. ಅಂದಿನಿಂದ ಆ ಊರಲ್ಲಿ ಅವರಿಗೆ 'ನಿಂತ ದೊರೆ' ಎಂದೇ ಹೆಸರು. ಇನ್ನೊಂದು ಸಲ ಬಣ್ಣ ಹಚ್ಚಿದರೆ ಮನೆಯೊಳಗೆ ಸೇರಿಸುವುದಿಲ್ಲವೆಂದು ಪ್ರೇಮಲೀಲಾ ಗಂಡನಿಂದ ಚಾಮುಂಡಿಯ ಪಟದ ಮುಂದೆ ಭಾಷೆ ತೆಗೆದುಕೊಂಡಿದ್ದರು.

"ಏನಂತದೆ ಅಯ್ನೋರೇ? ಎಲ್ಲವ್ರಂತೆ?"

ವಾಗೀಶರು ಫೋನು ನೋಡಿದರು, ಗೇಟಿನ ಬಳಿಯ ನಾಲ್ಕು ಮುಖ ನೋಡಿದರು, ಎಂಜಲು ನುಂಗಿದರು. "ಸಿಗ್ನಲ್ಲೇ ಇಲ್ಲ ಕಣಮ್ಮ. ಮೆಸೇಜಿಂದ ಎಲ್ಲ ಸಲವೂ ಆಗೋದಿಲ್ಲ. ನಿಜ ಹೇಳಬೇಕಂದ್ರೆ, ಆಗೋದೇ ಇಲ್ಲ."

ಗಂಡಸಾದವನು ಒಮ್ಮೆಯಾದರೂ ದೊಡ್ಡತನ ತೋರಿಸಬೇಕು. ವಾಗೀಶರು ಅಂದು ತೋರಿಸಿದರು. ಆದರೆ ಗೆಳೆಯನ ಗುಟ್ಟು ಉಳಿಸಿದ ದೊಡ್ಡತನ ಯಾರಿಗೂ ಕಾಣಲಿಲ್ಲ, ಕಂಡದ್ದು ಸೋಲು ಮಾತ್ರ. ಮರುದಿನ ಪಾರ್ಕಿನಲ್ಲಿ ಸಿದ್ದಲಿಂಗಸ್ವಾಮಿಯವರೇ, "ಇವರು ಟಪಾಲು ಸೆಕ್ಷನ್ನಂತೆ ಕಣ್ರೀ, ನಮ್ಮ ಅಳಿಯ ವಿಚಾರಿಸಿದ," ಎಂದರು. ಬಟ್ಟೆ ಒಣಗಿಸುವ ತಂತಿ ಮತ್ತೆ ಬಟ್ಟೆ ಒಣಗಿಸುವ ತಂತಿಯಾಯಿತು.

ಅವರಿಗಿದ್ದ ಒಂದೇ ನೆಮ್ಮದಿ ಸಣ್ಣಮಾದಯ್ಯನ ಮಹಡಿ. ಕೊಟ್ಟ ಮಾತಿಗಾಗಿ ಮೊದಲ ದಿನ ಪುಳಿಯೋಗರೆ ಒಯ್ದವರು ದಿನಾ ಒಯ್ಯತೊಡಗಿದರು. ಸಣ್ಣಮಾದಯ್ಯನೇ ಆ ನಾಟಕ ಮಂಡಳಿಯ ಕಾರ್ಯದರ್ಶಿ. ಕೆಳಗೆ ಪ್ಯಾಂಟು, ಮೇಲೆ ಪೀತಾಂಬರ ಹೊಲಿಯುತ್ತಿದ್ದ. ಅಲ್ಲಿ ವಾಗೀಶರಿಗೊಂದು ಕುರ್ಚಿ, "ಬನ್ನಿ ಸಾ, ಕೂತ್ಕಳಿ ಸಾ" ಎಂಬ ಉಪಚಾರ. ಕೆಂಪಯ್ಯನವರು ದಿನಾ ಪದ್ಯ ಹೇಳುವರು, ದಿನಾ ಅದೇ ಎರಡನೇ ಸಾಲಿಗೆ ನಿಲ್ಲುವರು. "ಸ್ವಾಮಿ, ಒಂದೇ ಒಂದು ಸಲ ನಿಲ್ಲದೆ ಹಾಡಿಬುಟ್ರೆ ಸಾಕು. ನಿಂತ ದೊರೆ ಅನ್ನೋದು ಅಳಿಸೋಯ್ತದೆ," ಎನ್ನುವಾಗ ಅವರ ದೊಡ್ಡ ಮೀಸೆ ನಡುಗುತ್ತಿತ್ತು. ಪೇಟ ತಪ್ಪಿದವನಿಗೆ ಕಿರೀಟ ತಪ್ಪಿದವನ ನೋವು ಬೇಗ ತಿಳಿಯುತ್ತದೆ.

ಇತ್ತ ಅಲಮೇಲು ಅವರ ಮನೆಯ ನಲ್ಲಿ ಕೆಟ್ಟಿತು. ಬಂದವನು ಅದೇ ಮಹದೇವಪ್ರಸಾದ್.

"ಅಮ್ಮಾ, ಪುಳಿಯೋಗರೆ ಬಲು ಪಸಂದಾಗಿತ್ತು," ಎಂದ, ಪೈಪು ಬಿಚ್ಚುತ್ತ. "ಸಾಹೇಬ್ರು ಮೆಸೇಜ್ ಆಕಿದ್ರು, ಎಲ್ಲಿದೀರಿ ಪ್ರಸಾದ ತತ್ತೀನಿ ಅಂತ. ನಮ್ ಬಡಗಿಗೂ ಬಂದಿತ್ತಂತೆ."

ಒಂದೇ ಕ್ಷಣದಲ್ಲಿ ಇಡೀ ದೂರಸಂಪರ್ಕ ವಿಜ್ಞಾನ ಅಲಮೇಲು ಅವರಿಗೆ ಅರ್ಥವಾಯಿತು. ನೇರ ಪಕ್ಕದ ಮನೆಗೆ ನಡೆದರು.

"ಪ್ರೇಮಲೀಲಾ ಅವರೇ, ನಿಮ್ಮವರು ಸಂಜೆಯಾದರೆ ಮಾಯ. ನಮ್ಮವರು ಪುಳಿಯೋಗರೆ ಡಬ್ಬಿ ಸಮೇತ ಮಾಯ. ಇಬ್ಬರೂ ಒಂದೇ ಕಡೆ ಹೋಗ್ತಿರಬೇಕು."

"ಅದ್ಕೇ ಅಯ್ನೋರು ಅವತ್ತು ಎಂಜಲು ನುಂಗುದ್ರು! ಈಗ ಪತ್ತೆ ಮಾಡೋದು ಎಂಗೆ ಅಲಮೇಲಮ್ಮ?"

"ಮೆಸೇಜಲ್ಲೇ," ಎಂದರು ಅಲಮೇಲು. "ಪುಳಿಯೋಗರೆ ಅಂದ್ರೆ ನಮ್ಮವರು ಬೀಳಲ್ಲ, ದಿನಾ ನೋಡ್ತಾರೆ. ಅವರು ಬೀಳೋ ಜಾಗ ನನಗೆ ಗೊತ್ತು."

ಪ್ರೇಮಲೀಲಾ ಅವರ ತಮ್ಮನ ಹಳೇ ಫೋನೊಂದು ಮನೆಯಲ್ಲಿತ್ತು. ಅದರಿಂದ ಸಂಜೆ ಮೆಸೇಜು ಹೋಯಿತು: 'ಮಾನ್ಯರೇ, ತಂತ್ರಜ್ಞಾನ ಕ್ಷೇತ್ರದಲ್ಲಿ ತಮ್ಮ ಸೇವೆ ಗುರುತಿಸಿ ಸನ್ಮಾನಿಸಲು ತೀರ್ಮಾನಿಸಿದ್ದೇವೆ. ಮೈಸೂರು ಪೇಟ, ಶಾಲು, ಫಲತಾಂಬೂಲ. ತಾವೀಗ ಎಲ್ಲಿದ್ದೀರಿ? ಅಲ್ಲಿಗೇ ಬರುತ್ತೇವೆ.'

ಮಹಡಿಯ ಮೇಲೆ ಫೋನು ಕುಂಯ್ ಎಂದಿತು. ವಾಗೀಶರು ಓದಿದರು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಬೀದಿಯ ಕುಹಕವನ್ನು ಸಹಿಸಿ, ಪ್ರೇಮಲೀಲಾ ಅವರ ಪ್ರಶ್ನೆಗೆ ಬಗ್ಗದೆ, ಗೆಳೆಯನ ಗುಟ್ಟನ್ನು ಉಕ್ಕಿನ ಪೆಟ್ಟಿಗೆಯಲ್ಲಿಟ್ಟಂತೆ ಕಾಪಾಡಿದ್ದ ಆ ಮಹಾನುಭಾವರು ಪೇಟ ಎಂಬ ಎರಡಕ್ಷರ ಕಂಡ ಕೂಡಲೇ ಉತ್ತರ ಬರೆಯಲು ಕೂತರು. 'ದೇವರಾಜ ಮೊಹಲ್ಲಾ. ಬಳೆ ಅಂಗಡಿ ಪಕ್ಕ ಟೈಲರ್ ಅಂಗಡಿ. ಪಕ್ಕದ ಮೆಟ್ಟಿಲು ಹತ್ತಿ. ಮೆಟ್ಟಿಲು ಸ್ವಲ್ಪ ಕಡಿದು, ಜೋಪಾನ.' ಅಷ್ಟಕ್ಕೇ ಬಿಡಲಿಲ್ಲ. ಹಿಂದಿನ ಸಲದಂತೆ ಆಗಬಾರದೆಂದು ಸಣ್ಣಮಾದಯ್ಯನನ್ನು ಕರೆದು ಟೇಪಿನಲ್ಲಿ ತಲೆಯ ಅಳತೆ ತೆಗೆಸಿ, ಅದನ್ನೂ ಕಳಿಸಿದರು. ಮುಖ ತೊಳೆದುಕೊಂಡು, ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಎಳೆದುಕೊಂಡು ಕೂತರು.

ಕೆಂಪಯ್ಯನವರು ಬಿದಿರಿನ ಗದೆ ಹೆಗಲಿಗೇರಿಸಿ ಪದ್ಯ ಎತ್ತಿಕೊಂಡಿದ್ದರು. "ಎಲವೆಲವೋ ಮಂತ್ರಿ, ಎನ್ನೆದೆಯ ಬೆಂಕಿಯನು..." ಅಲ್ಲಿಗೆ ನಿಂತಿತು. ಹಾರ್ಮೋನಿಯಂ ಅದೇ ಸ್ವರ ಹಿಡಿದು ಕಾಯತೊಡಗಿತು. ಆಗ ಮೆಟ್ಟಿಲ ಮೇಲೆ ಹೆಜ್ಜೆಸಪ್ಪಳ. ವಾಗೀಶರು ಎದ್ದು ನಿಂತು ಕೈಮುಗಿದು ತಲೆ ಬಗ್ಗಿಸಿದರು.

ಬಾಗಿಲಲ್ಲಿ ಅಲಮೇಲು. ಅವರ ಹಿಂದೆ ಪ್ರೇಮಲೀಲಾ.

ವಾಗೀಶರು ತಲೆ ಎತ್ತಿದರು. ಹೆಂಡತಿಯ ಭುಜದ ಮೇಲಿಂದ ಮೆಟ್ಟಿಲ ಕಡೆ ಇಣುಕಿದರು. "ಸನ್ಮಾನದವರು ಹಿಂದೆ ಬರ್ತಾ ಇದಾರಾ?"

"ಹಿಂದೆ ಅಲ್ಲ, ಎದುರಿಗೇ ನಿಂತಿದೀವಿ," ಎಂದರು ಅಲಮೇಲು.

ಕೆಂಪಯ್ಯನವರ ಗದೆ ಕೆಳಗಿಳಿಯಿತು. ಹೆಂಡತಿಯನ್ನು ನೋಡಲಾರದೆ ವಾಗೀಶರನ್ನು ನೋಡಿದರು. "ಹೇಳ್ಬುಟ್ರಾ ಸ್ವಾಮಿ?"

"ಇಲ್ಲ ಕೆಂಪಯ್ಯನವರೇ," ಎಂದ ವಾಗೀಶರ ಕಣ್ಣಲ್ಲಿ ನೀರೇ ಬಂತು. "ನೀವು ಎಲ್ಲಿದ್ದೀರಿ ಅಂತ ಹೇಳಲಿಲ್ಲ. ನಾನು ಎಲ್ಲಿದ್ದೀನಿ ಅಂತ ಹೇಳಿಬಿಟ್ಟೆ."

ಮೇಷ್ಟ್ರು ಗಾಬರಿಯಲ್ಲಿ ಹಾರ್ಮೋನಿಯಂ ನಿಲ್ಲಿಸುವುದನ್ನೇ ಮರೆತು ಅದೇ ಸ್ವರ ಒತ್ತುತ್ತಿದ್ದರು. ಪ್ರೇಮಲೀಲಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದರು.

"ಯಾಕ್ ನಿಲ್ಲಿಸಿದ್ರಿ?"

"ಮರ್ತೋಯ್ತು," ಎಂದರು ಕೆಂಪಯ್ಯ, ಶಾಲೆಯ ಹುಡುಗನ ಹಾಗೆ.

"'ನಂದಿಪ ನೀರೆಲ್ಲಿಹುದು ಪೇಳು ಪೇಳು,'" ಎಂದರು ಪ್ರೇಮಲೀಲಾ, ರಾಗ ಸಮೇತ. ಹಾರ್ಮೋನಿಯಂ ಬಿಡುಗಡೆಯಾದಂತೆ ಮುಂದಕ್ಕೆ ಓಡಿತು. "ಬಚ್ಚಲುಮನೇಲಿ ವರ್ಷಗಟ್ಲೆ ಒದರ್ತಾ ಇದ್ರೆ ನಂಗೆ ಬರಲ್ವಾ? ನೀವು ನಾಟ್ಕ ಆಡಿದ್ದಕ್ಕಲ್ಲ ನಂಗೆ ಸಿಟ್ಟು, ಕಡಕೊಳ ಅಂತ ಸುಳ್ಳು ಹೇಳಿದ್ದಕ್ಕೆ. ಆಡಿ ಈ ಸಲ. ನಮ್ಮೂರೋರ್ನೆಲ್ಲ ನಾನೇ ಕರಿಸ್ತೀನಿ. ಪರದೆ ಪಕ್ಕ ನಾನೇ ನಿಂತ್ಕತೀನಿ, ಅದೆಂಗೆ ಮರೀತೀರೋ ನೋಡೇಬುಡ್ತೀನಿ."

"ಚಾಮುಂಡವ್ವನ ಮುಂದೆ ಭಾಷೆ ಕೊಟ್ಟಿದ್ನಲ್ಲ?" ಎಂದರು ಕೆಂಪಯ್ಯ.

"ಅವಳಿಗೆ ನಾನು ಹೇಳ್ಕತೀನಿ, ಬುಡಿ."

ಕೆಂಪಯ್ಯನವರು ಗದೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಅತ್ತುಬಿಟ್ಟರು.

ಎಲ್ಲರೂ ಅತ್ತು ನಕ್ಕು ಮುಗಿಸಿದ ಮೇಲೆ ಅಲಮೇಲು ಚೀಲದಿಂದ ತಟ್ಟೆ ತೆಗೆದರು. ತಟ್ಟೆಯಲ್ಲಿ ಬೀಜ ಬಿಡಿಸದ ಹುಣಸೇಹಣ್ಣು, ಒಣಮೆಣಸಿನಕಾಯಿ, ನಡುವೆ ತಳ ಕಂಡ ಭರಣಿ. "ತಗೊಳ್ಳಿ ಸನ್ಮಾನ. ಈ ಭರಣಿ ತುಂಬೋವರೆಗೂ ನೀವು ಅಡುಗೆಮನೆ ಬಿಟ್ಟು ಅಲ್ಲಾಡೋ ಹಾಗಿಲ್ಲ. ಇನ್ನು ಮೇಲೆ ನೀವು ಎಲ್ಲಿದ್ದೀರಿ ಅಂತ ಯಾರೂ ಮೆಸೇಜ್ ಮಾಡಿ ಕೇಳಬೇಕಾಗಿಲ್ಲ."

ವಾಗೀಶರು ಹುಣಸೇಹಣ್ಣು ಬಿಡಿಸಿದರು, ಎಳ್ಳು ಹುರಿದರು, ಬೆರಳು ಸುಟ್ಟುಕೊಂಡರು. ಪಾರ್ಕಿಗೂ ಹೋಗಲಿಲ್ಲ, ಮಹಡಿಗೂ ಹೋಗಲಿಲ್ಲ. ನಾಟಕಕ್ಕೆ ಎರಡು ದಿನವಿರುವಾಗ ಗುರುತಿಲ್ಲದ ನಂಬರಿನಿಂದ ಒಂದು ಮೆಸೇಜು ಬಂತು: 'ಮಾನ್ಯರೇ, ತಮಗೆ ಪುರಭವನದಲ್ಲಿ ಸನ್ಮಾನ ಇಟ್ಟುಕೊಂಡಿದ್ದೇವೆ. ಮೈಸೂರು ಪೇಟ, ಶಾಲು. ತಾವೀಗ ಎಲ್ಲಿದ್ದೀರಿ? ಬಂದು ಕರೆಯುತ್ತೇವೆ.' ವಾಗೀಶರು ಜ್ಞಾನಿಯಂತೆ ಮುಗುಳ್ನಕ್ಕರು. ಅಡುಗೆಮನೆಯ ಕಡೆ ಒಮ್ಮೆ ನೋಡಿ, 'ಇನ್ನೊಂದು ಸಲ ಬೀಳ್ತೀನಾ?' ಎಂದುಕೊಂಡು ಅದನ್ನು ಅಳಿಸಿಹಾಕಿದರು. ಆಮೇಲೆ ಅದೇ ನಂಬರಿನಿಂದ ಬಂದ ಕರೆಗಳನ್ನೂ ಎತ್ತಲಿಲ್ಲ.

ನಾಟಕದ ದಿನ ಪುರಭವನ ತುಂಬಿತ್ತು. ಪ್ರೇಮಲೀಲಾ ಅವರ ಊರಿನವರು ಮುಂದಿನ ಎರಡು ಸಾಲು ಹಿಡಿದಿದ್ದರು, ವಾಗೀಶರು ಅಲಮೇಲು ಮೂರನೆಯದರಲ್ಲಿದ್ದರು. ಕೆಂಪಯ್ಯನವರು ಕಿರೀಟ ಇಟ್ಟುಕೊಂಡು ಬಂದು, ಪದ್ಯ ಎತ್ತಿ, ಒಂದನೇ ಸಾಲು ದಾಟಿ, ಪರದೆಯ ಕಡೆ ತಿರುಗಿಯೂ ನೋಡದೆ ಎರಡನೆಯದಕ್ಕೆ ಹಾರಿದರು. ತವರೂರಿನವರು ಎದ್ದು ನಿಂತು "ಇನ್ನೊಂದ್ಸಲ!" ಎಂದು ಕೂಗಿದರು. ದೊರೆ ಮತ್ತೆ ಹಾಡಿದರು. ವಾಗೀಶರು ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದರು.

ನಡುವೆ ಪರದೆ ಬಿದ್ದಾಗ ಸಣ್ಣಮಾದಯ್ಯ ಮೈಕು ಹಿಡಿದು ಮುಂದೆ ಬಂದ. "ನಮ್ಮ ಮಂಡಳಿಗೆ ದಿನಾ ಪ್ರಸಾದ ತಂದು ಉಪಕಾರ ಮಾಡಿದ ವಾಗೀಶರಿಗೆ ಇವತ್ತು ಸನ್ಮಾನ ಇಟ್ಕಂಡಿದ್ವಿ. ಪೇಟಾನ ಅವರ ಅಳತೆಗೇ ನಾನೇ ಮಾಡ್ದೆ. ಹಾರ್ಮೋನಿಯಂ ಮೇಷ್ಟ್ರ ಹೊಸಾ ನಂಬರಿಂದ ಮೆಸೇಜ್ ಆಕಿದ್ವಿ, ಫೋನ್ ಮಾಡಿದ್ವಿ. ಪಕ್ಕದ ಮನೆ ಕೆಂಪಯ್ಯನೋರ್ನ ಕೇಳಾನ ಅಂದ್ರೆ ಅವರು ಎರಡನೇ ಸಾಲಿನ ಚಿಂತೇಲಿದ್ರು. ಅವರು ಎಲ್ಲವ್ರೆ ಅಂತ ಎಷ್ಟು ಮಾಡಿದ್ರೂ ಪತ್ತೆಯಾಗ್ಲಿಲ್ಲ. ಅದ್ರಿಂದ ಅವರ ಸ್ನೇಹಿತರು, ಮೆಸೇಜ್ ಆಕಿದ ತಕ್ಷಣ ಎಲ್ಲಿದೀನಿ ಅಂತ ತಿಳಿಸಿದ ಸಿದ್ದಲಿಂಗಸ್ವಾಮಿ ಮೇಷ್ಟ್ರಿಗೆ..."

ವಾಗೀಶರು ಅರ್ಧ ಎದ್ದಿದ್ದರು. ಅಷ್ಟರಲ್ಲಿ ವೇದಿಕೆಯ ಮೇಲೆ ಸಿದ್ದಲಿಂಗಸ್ವಾಮಿಯವರು ತಲೆ ಬಗ್ಗಿಸಿಯಾಗಿತ್ತು. ಪೇಟ ಏರಿತು, ಅಳತೆ ಬೇರೆಯವರದಾದ್ದರಿಂದ ಹುಬ್ಬಿನವರೆಗೆ ಇಳಿಯಿತು. ಸಭೆ ಚಪ್ಪಾಳೆ ತಟ್ಟಿತು. ವಾಗೀಶರು ಮೆಲ್ಲಗೆ ಕೂತು ತಲೆ ಸವರಿಕೊಂಡರು.

ಅಲಮೇಲು ಗಂಡನ ಮುಖವನ್ನು ಓರೆಗಣ್ಣಿನಿಂದ ನೋಡಿದರು. ಆಮೇಲೆ ತಮ್ಮ ಫೋನು ತೆಗೆದು ಏನನ್ನೋ ನಿಧಾನವಾಗಿ ಒತ್ತಿದರು. ವಾಗೀಶರ ಜೇಬು ಕುಂಯ್ ಎಂದಿತು.

'ಪುಳಿಯೋಗರೆ ತಂದಿದೀನಿ. ತಾವೀಗ ಎಲ್ಲಿದ್ದೀರಿ?'

ವಾಗೀಶರು ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಕಣ್ಣೊರೆಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿ ಉತ್ತರ ಕಳಿಸಿದರು.

'ಪುರಭವನ. ಮೂರನೇ ಸಾಲು. ನಿನ್ನ ಪಕ್ಕ.'